ಓದುಗರ ಪ್ರಶ್ನೆ, ನಮ್ಮ ಉತ್ತರ: ಒಂದು ಗಿಡ, ಎರಡು ಸಿನಿಮಾ

ಪ್ರಶ್ನೆ: ಮಾನ್ಯರೇ, ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗ ಒಂದೇ ಕಥೆಯ ಎರಡು ಅಮೆರಿಕನ್ ಸಿನಿಮಾಗಳನ್ನು ಎರಡು ರಾತ್ರಿ ನಮಗೆಲ್ಲ ತೋರಿಸಿದ. ಎರಡರ ಹೆಸರೂ ‘ಲಿಟಲ್ ಶಾಪ್ ಆಫ್ ಹಾರರ್ಸ್’. ಮನುಷ್ಯರ ರಕ್ತ ಕುಡಿದು ಬೆಳೆಯುವ ಗಿಡದ ಕಥೆ. 1960ರದು ಕಪ್ಪು-ಬಿಳುಪು, 1986ರದು ತುಂಬ ಹಾಡುಗಳಿರುವ ಬಣ್ಣದ ಚಿತ್ರ. ಮೊದಲನೆಯದರಲ್ಲಿ ನಾಯಕ ಸತ್ತಾಗ ನನಗೆ ಏನೂ ಅನಿಸಲಿಲ್ಲ. ಎರಡನೆಯದರಲ್ಲಿ ಅವನು ಬದುಕಿ ಉಳಿದಾಗ ಕಣ್ಣು ತುಂಬಿ ಬಂದವು. ಮೂಲ ಚಿತ್ರವೇ ಶ್ರೇಷ್ಠ, ಹಾಡು ಸೇರಿಸಿ ಅದನ್ನು ಕೆಡಿಸಿದ್ದಾರೆ ಎಂಬುದು ಮಗನ ವಾದ. ತಾವು ಏನೆನ್ನುತ್ತೀರಿ?
ನಿವೃತ್ತ ಶಿಕ್ಷಕಿ, ಗದಗ

ಉತ್ತರ: ತಾಯಿ, ನಿಮ್ಮ ಕಣ್ಣು ತುಂಬಿ ಬಂದದ್ದನ್ನೇ ಹಿಡಿದುಕೊಂಡು ಉತ್ತರಿಸುತ್ತೇನೆ, ಏಕೆಂದರೆ ಈ ಎರಡು ಚಿತ್ರಗಳ ನಡುವಿನ ವ್ಯತ್ಯಾಸ ಇರುವುದು ಅಲ್ಲಿಯೇ.

ನೋಡದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಬಡವರ ಕೇರಿಯಲ್ಲಿ ಮಶ್ನಿಕ್ ಎಂಬವನ ಹೂವಿನ ಅಂಗಡಿ ಇದೆ. ಅಲ್ಲಿ ಕೆಲಸಕ್ಕಿರುವ ಸೀಮೋರ್ ಎಂಬ ಹುಡುಗ ವಿಚಿತ್ರವಾದ ಒಂದು ಗಿಡವನ್ನು ಸಾಕುತ್ತಾನೆ ಮತ್ತು ತಾನು ಮನಸ್ಸಿನಲ್ಲಿ ಮೆಚ್ಚಿದ ಜೊತೆಕೆಲಸದ ಹುಡುಗಿ ಆಡ್ರಿಯ ಹೆಸರನ್ನು ಅದಕ್ಕೆ ಇಡುತ್ತಾನೆ. ನೀರಿಗಾಗಲಿ ಗೊಬ್ಬರಕ್ಕಾಗಲಿ ಚಿಗುರದ ಗಿಡ ಅವನ ಬೆರಳಿನಿಂದ ತೊಟ್ಟಿಕ್ಕಿದ ರಕ್ತಕ್ಕೆ ಬಾಯಿ ತೆರೆಯುತ್ತದೆ. ಗಿಡ ಬೆಳೆದಂತೆ ಅಂಗಡಿಗೆ ಜನ ಮುಗಿಬೀಳುತ್ತಾರೆ, ಅದರ ಹಸಿವೂ ಬೆಳೆಯುತ್ತದೆ, ಕೊನೆಗೆ ಅದು ಬಾಯಿ ಬಿಟ್ಟು ಊಟ ಕೇಳತೊಡಗುತ್ತದೆ.

1960ರ ಚಿತ್ರದ ನಿರ್ದೇಶಕ ರೋಜರ್ ಕಾರ್ಮನ್. ಕಥೆ ಬರೆದವರು ಚಾರ್ಲ್ಸ್ ಗ್ರಿಫಿತ್, ಗಿಡಕ್ಕೆ ಧ್ವನಿ ಕೊಟ್ಟವರೂ ಅವರೇ. ಬೇರೊಂದು ಚಿತ್ರಕ್ಕೆ ಹಾಕಿ ಉಳಿದಿದ್ದ ಸೆಟ್ಟಿನಲ್ಲಿ, ಸುಮಾರು 30,000 ಡಾಲರಿನ ಖರ್ಚಿನಲ್ಲಿ, ಮುಖ್ಯ ಭಾಗದ ಚಿತ್ರೀಕರಣವನ್ನು ಎರಡು ಹಗಲು ಒಂದು ರಾತ್ರಿಯಲ್ಲಿ ಮುಗಿಸಿದ್ದರು. ಈ ಅವಸರವೇ ಆ ಚಿತ್ರಕ್ಕೆ ಒಂದು ನಡಿಗೆಯನ್ನು ಕೊಟ್ಟಿದೆ. ಪೊಲೀಸ್ ಪತ್ತೇದಾರನೊಬ್ಬ ಭಾವವಿಲ್ಲದ ದನಿಯಲ್ಲಿ, ಠಾಣೆಯ ದಾಖಲೆ ಓದಿದಂತೆ ಕಥೆಯನ್ನು ನಿರೂಪಿಸುತ್ತಾನೆ. ಕೊಲೆಗಳೂ ಹಾಗೆಯೇ ನಡೆದುಹೋಗುತ್ತವೆ. ಸೀಮೋರ್ ಬೇಸರದಿಂದ ಬೀಸಿದ ಕಲ್ಲು ಯಾರಿಗೋ ತಾಗುತ್ತದೆ, ಆತ ರೈಲಿಗೆ ಸಿಕ್ಕು ಸಾಯುತ್ತಾನೆ. ಹಲ್ಲಿನ ವೈದ್ಯನೊಂದಿಗೆ ಜಗಳವಾಗಿ, ಕೈಗೆ ಸಿಕ್ಕ ಉಪಕರಣದಿಂದ ಮತ್ತೊಂದು ಸಾವಾಗುತ್ತದೆ. ಆಗಿನ್ನೂ ಯಾರೂ ಅರಿಯದಿದ್ದ ಜಾಕ್ ನಿಕೊಲ್ಸನ್, ನೋವನ್ನೇ ಬಯಸಿ ಬರುವ ರೋಗಿಯಾಗಿ ಆ ವೈದ್ಯನ ಕುರ್ಚಿಯಲ್ಲಿ ಬಂದು ಕೂರುತ್ತಾರೆ. ಇವರಲ್ಲಿ ಯಾರ ಮನಸ್ಸಿನೊಳಕ್ಕೂ ನಮ್ಮನ್ನು ಬಿಟ್ಟುಕೊಳ್ಳುವುದಿಲ್ಲ. ಪತ್ರಿಕೆಯ ಅಪರಾಧ ಸುದ್ದಿಯನ್ನು ಓದುವಾಗ ಎಷ್ಟು ದೂರದಲ್ಲಿರುತ್ತೇವೋ ಅಷ್ಟೇ ದೂರದಲ್ಲಿ ನಾವು ಕೂತಿರುತ್ತೇವೆ.

ಆ ದೂರವನ್ನು ನಂಬಿಯೇ ಚಿತ್ರದ ಕೊನೆಯನ್ನು ಕಟ್ಟಲಾಗಿದೆ. ಸಂಜೆ ಗಿಡದ ಮೊಗ್ಗುಗಳು ಅರಳುವುದನ್ನು ನೋಡಲು ಜನ ಕೂಡಿರುತ್ತಾರೆ, ಬಹುಮಾನ ಕೊಡುವವರು ಬಂದು ನಿಂತಿರುತ್ತಾರೆ. ಮೊಗ್ಗು ಒಂದೊಂದಾಗಿ ಬಿರಿಯುತ್ತದೆ, ಒಂದೊಂದರ ನಡುವೆಯೂ ಗಿಡ ತಿಂದ ಒಬ್ಬೊಬ್ಬರ ಮುಖವಿರುತ್ತದೆ. ಓಡಿ ತಪ್ಪಿಸಿಕೊಂಡ ಸೀಮೋರ್ ರಾತ್ರಿ ಮರಳಿ ಬಂದು, ಚಾಕು ಹಿಡಿದು ಗಿಡದ ಬಾಯೊಳಗೆ ತಾನೇ ಇಳಿಯುತ್ತಾನೆ. ಆಮೇಲೆ ಕೊನೆಯ ಮೊಗ್ಗು ಅರಳುತ್ತದೆ. ಅದರಲ್ಲಿ ಅವನ ಮುಖ. ತಾನು ಬೇಕೆಂದು ಮಾಡಲಿಲ್ಲ ಎಂಬ ಒಂದು ಮಾತು ಹೇಳಿ ಆ ಮುಖ ಬಾಡಿ ಬೀಳುತ್ತದೆ. ಅದು ಎದೆ ಹಿಂಡುವುದಿಲ್ಲ, ಮೈ ಜುಮ್ಮೆನ್ನಿಸುತ್ತದೆ. ನಿಮಗೆ ಏನೂ ಅನಿಸಲಿಲ್ಲ ಎಂದಿದ್ದೀರಿ. ಅಳು ಬರಲಿಲ್ಲ ಎಂಬುದು ನಿಮ್ಮ ಮಾತಿನ ಅರ್ಥವಾಗಿದ್ದರೆ, ನಿರ್ದೇಶಕರು ಬಯಸಿದ್ದೂ ಅದನ್ನೇ.

ನಿಮ್ಮ ಮಗ ಗಮನಿಸಬೇಕಾದ ಒಂದು ಸಂಗತಿಯಿದೆ. 1986ರ ಚಿತ್ರವು 1960ರ ಚಿತ್ರದಿಂದ ನೇರವಾಗಿ ಹುಟ್ಟಿದ್ದಲ್ಲ. ನಡುವೆ ಒಂದು ನಾಟಕವಿದೆ. ಹೊವಾರ್ಡ್ ಆಶ್ಮನ್ ಮಾತು ಮತ್ತು ಹಾಡು ಬರೆದು, ಆಲನ್ ಮೆಂಕೆನ್ ಸಂಗೀತ ಕೂಡಿಸಿ, 1982ರಲ್ಲಿ ನ್ಯೂಯಾರ್ಕಿನ ಒಂದು ಚಿಕ್ಕ ರಂಗಮಂದಿರದಲ್ಲಿ ಇದನ್ನು ಸಂಗೀತ ನಾಟಕವಾಗಿ ಆಡಿಸಿದರು. ಅದೇ ವರ್ಷ ಆರ್ಫಿಯಂ ಥಿಯೇಟರಿಗೆ ಹೋದ ನಾಟಕ 1987ರವರೆಗೆ 2,209 ಪ್ರಯೋಗಗಳನ್ನು ಕಂಡಿತು. 1986ರಲ್ಲಿ ನಿರ್ದೇಶಕ ಫ್ರಾಂಕ್ ಆಜ್ ಸಿನಿಮಾ ಮಾಡಿದ್ದು ಆ ನಾಟಕವನ್ನು. ಆದ್ದರಿಂದ ಎರಡು ಚಿತ್ರಗಳನ್ನು ಹೋಲಿಸುವಾಗ, ಹಾಡು ಸೇರಿಸಿದರು ಎಂದಷ್ಟೇ ಹೇಳಿದರೆ ಸಾಲದು. ಹಾಡುವುದಕ್ಕೆ ಯೋಗ್ಯವಾಗುವಂತೆ ಇಡೀ ಕಥೆಯನ್ನೇ ಬಿಚ್ಚಿ ಮತ್ತೆ ಹೊಲಿದಿದ್ದಾರೆ.

ಮೂಲದಲ್ಲಿ ಸೀಮೋರನಿಗೆ ಸದಾ ರೋಗದ ಮಾತಾಡುವ, ಔಷಧದಲ್ಲಿಯೇ ಮುಳುಗಿರುವ ತಾಯಿಯಿದ್ದಳು. ನಾಟಕದಲ್ಲಿ ಅವಳಿಲ್ಲ, ಅವನು ಅನಾಥ. ಮೂಲದಲ್ಲಿ ಹಲ್ಲಿನ ವೈದ್ಯನಿಗೂ ಆಡ್ರಿಗೂ ಸಂಬಂಧವಿರಲಿಲ್ಲ. ನಾಟಕದಲ್ಲಿ ಅವನು ಅವಳನ್ನು ಹೊಡೆಯುವ ಗೆಳೆಯ. ಪತ್ತೇದಾರನ ಒಣ ದನಿ ಹೋಗಿ, ಆ ಜಾಗಕ್ಕೆ ಕೇರಿಯ ಮೂವರು ಹುಡುಗಿಯರು ಬಂದರು. ನಮ್ಮ ದೊಡ್ಡಾಟದ ಹಿಮ್ಮೇಳದವರಂತೆ ಅವರು ಪ್ರತಿ ಸಂದರ್ಭದಲ್ಲಿಯೂ ಬದಿಗೆ ನಿಂತು, ನಡೆದದ್ದನ್ನೂ ನಡೆಯಲಿರುವುದನ್ನೂ ಹಾಡುತ್ತಾರೆ. ಈ ಮೂರೂ ಬದಲಾವಣೆಗಳು ನಮ್ಮನ್ನು ಸೀಮೋರ್ ಮತ್ತು ಆಡ್ರಿಯ ಹತ್ತಿರಕ್ಕೆ ತಳ್ಳುತ್ತವೆ.

ಇನ್ನು ಆಡ್ರಿಯ ಹಾಡನ್ನು ನೆನೆಯಿರಿ. ಅವಳು ಕಿಟಕಿಯ ಬಳಿ ಕೂತು ತನಗೆ ಬೇಕಾದ ಬದುಕನ್ನು ಹಾಡುತ್ತಾಳೆ. ಅವಳ ಆಸೆಯಲ್ಲಿ ಅರಮನೆಯಿಲ್ಲ. ಊರ ಹೊರಗೆ ಸಣ್ಣ ಮನೆ, ಬೇಲಿ, ಹುಲ್ಲಿನ ಅಂಗಳ, ಅಡುಗೆ ಮನೆಯಲ್ಲಿ ಒಂದೆರಡು ಯಂತ್ರ, ಗಂಡ ಮಕ್ಕಳೊಂದಿಗೆ ಕೂತು ನೋಡಲು ಟಿ.ವಿ. ಎಲ್ಲಿಯೋ ಒಂದು ಹಸಿರಾದ ಜಾಗ, ಅಷ್ಟೇ. ನಾಟಕದಲ್ಲಿಯೂ ಸಿನಿಮಾದಲ್ಲಿಯೂ ಈ ಪಾತ್ರವನ್ನು ಮಾಡಿದವರು ಎಲೆನ್ ಗ್ರೀನ್. ಅವರ ದನಿ ಮೊದಲು ಮಗುವಿನ ದನಿಯಂತೆ ಸಣ್ಣಗಿದ್ದು, ಹಾಡು ಏರಿದಂತೆ ಎದೆಯ ಆಳದಿಂದ ಬರತೊಡಗುತ್ತದೆ. ಅಂಗಡಿಯ ಹುಡುಗಿಯೊಬ್ಬಳು ತನ್ನ ಆಸೆಯ ಮನೆಯ ಸಾಮಾನುಗಳನ್ನು ಒಂದೊಂದಾಗಿ ಎಣಿಸಿ ಹಾಡಿದ ಮೇಲೆ, ಅವಳು ಗಿಡದ ಬಾಯಿಗೆ ಹೋಗುವುದನ್ನು ಯಾವ ಪ್ರೇಕ್ಷಕನ ಮನಸ್ಸು ಒಪ್ಪುತ್ತದೆ?

ಆದರೆ ನಾಟಕದಲ್ಲಿ ಅವಳು ಸಾಯುತ್ತಾಳೆ. ಸೀಮೋರನೂ ಸಾಯುತ್ತಾನೆ. ನೀವು ನೋಡಿ ಕಣ್ಣು ತುಂಬಿಕೊಂಡ ಕೊನೆಯನ್ನು ಆಮೇಲೆ ಬರೆದು, ಮರಳಿ ಚಿತ್ರೀಕರಿಸಿ ಜೋಡಿಸಿದ್ದಾರೆ. ಫ್ರಾಂಕ್ ಆಜ್ ಮೊದಲು ನಾಟಕದ ಕೊನೆಯನ್ನೇ ಚಿತ್ರೀಕರಿಸಿದ್ದರು. ಇಬ್ಬರೂ ಸತ್ತ ಮೇಲೆ ಗಿಡಗಳು ಬೆಳೆದು ನ್ಯೂಯಾರ್ಕ್ ನಗರವನ್ನೇ ನುಂಗುವ ದೃಶ್ಯಕ್ಕೆ ಬೀದಿ ಕಟ್ಟಡಗಳ ಚಿಕ್ಕ ಮಾದರಿಗಳನ್ನು ಕಟ್ಟಿಸಿ, ಅಪಾರ ದುಡ್ಡನ್ನೂ ದುಡಿಮೆಯನ್ನೂ ಸುರಿದಿದ್ದರು. ಬಿಡುಗಡೆಗೆ ಮುಂಚೆ ಸ್ಯಾನ್ ಹೊಸೆ ನಗರದಲ್ಲಿ ಪರೀಕ್ಷೆಗೆಂದು ತೋರಿಸಿದಾಗ, ಪ್ರತಿ ಹಾಡಿಗೂ ಚಪ್ಪಾಳೆ ತಟ್ಟಿದ ಜನ, ಇಬ್ಬರೂ ಸತ್ತ ಕ್ಷಣದಿಂದ ತಣ್ಣಗಾಗಿಬಿಟ್ಟರು. ಆಜ್ ಇದಕ್ಕೆ ಕೊಟ್ಟ ಕಾರಣ ನಾಟಕ ಕಂಡವರಿಗೆಲ್ಲ ಅರ್ಥವಾಗುವಂಥದು. ನಾಟಕದಲ್ಲಿ ಸತ್ತವರು ಕೊನೆಗೆ ರಂಗಕ್ಕೆ ಬಂದು ವಂದಿಸುತ್ತಾರೆ, ಸಿನಿಮಾದಲ್ಲಿ ಹಾಗೆ ಬರುವುದಿಲ್ಲ, ಸತ್ತವರು ಸತ್ತೇ ಹೋಗುತ್ತಾರೆ ಎಂಬುದು ಅವರ ಮಾತಿನ ಸಾರ.

ಈ ಮಾತನ್ನು ಮೊದಲ ಸಲ ತಿಳಿದಾಗ ನನಗೆ ನೆನಪಾದದ್ದು ನಮ್ಮ ಕಂಪನಿ ನಾಟಕ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಬೆಳೆದ ಊರು ನಿಮ್ಮದು, ನಿಮಗೆ ನಾನು ಹೇಳಬೇಕಾಗಿಲ್ಲ. ನಾನು ಚಿಕ್ಕವನಿದ್ದಾಗ ಜಾತ್ರೆಯ ತಂಬುವಿನಲ್ಲಿ ನಮ್ಮ ಅಜ್ಜನ ತೊಡೆಯ ಮೇಲೆ ಕೂತು ನೋಡಿದ ಒಂದು ನಾಟಕದಲ್ಲಿ, ಇರಿತಕ್ಕೊಳಗಾದ ನಾಯಕ ಕೊನೆಯ ಹಾಡು ಹಾಡಿ ಪ್ರಾಣ ಬಿಟ್ಟ. ಪೇಟಿಯ ಸ್ವರ ನಿಲ್ಲುವುದರೊಳಗೆ ಹಿಂದಿನ ಸಾಲಿನಿಂದ ‘ಒನ್ಸ್ ಮೋರ್’ ಎಂಬ ಕೂಗು ಎದ್ದಿತು. ಸತ್ತವನು ಎದ್ದು ಕೂತು, ಪೇಟಿ ಮಾಸ್ತರರ ಕಡೆಗೆ ಒಮ್ಮೆ ನೋಡಿ, ಅದೇ ಹಾಡನ್ನು ಮತ್ತೆ ಹಾಡಿ ಮತ್ತೆ ಸತ್ತ. ಎರಡನೆಯ ಸಲವೂ ನಮ್ಮಜ್ಜ ಧೋತರದ ಅಂಚಿನಿಂದ ಕಣ್ಣೊರೆಸಿಕೊಂಡರು. ಎದ್ದು ಬರುತ್ತಾನೆಂದು ಗೊತ್ತಿದ್ದರಿಂದ ಅವರ ಅಳು ಕಡಿಮೆಯಾಗಲಿಲ್ಲ. ಹಾಗೆ ಗೊತ್ತಿದ್ದುದರಿಂದಲೇ ಅವರು ನಿರಾತಂಕವಾಗಿ ಅತ್ತರು ಎಂದು ಈಗ ನನಗೆ ಅನಿಸುತ್ತದೆ. ಸಿನಿಮಾದ ತೆರೆ ಆ ಭರವಸೆಯನ್ನು ಕೊಡಲಾರದು.

ಹಾಗಾದರೆ 1986ರ ಸುಖಾಂತ್ಯ ಸರಿಯೇ? ಬಿಡುಗಡೆಯಾದ ಚಿತ್ರದಲ್ಲಿ ಸೀಮೋರ್ ಗಿಡಕ್ಕೆ ವಿದ್ಯುತ್ ಹರಿಸಿ ಕೊಲ್ಲುತ್ತಾನೆ, ಇಬ್ಬರೂ ಮದುವೆಯಾಗಿ ಆಡ್ರಿ ಹಾಡಿದಂಥ ಮನೆಗೇ ಹೋಗುತ್ತಾರೆ, ಅಂಗಳದಲ್ಲಿ ಮಾತ್ರ ಅದೇ ಗಿಡದ ಒಂದು ಎಳೆಯ ಮೊಗ್ಗು ನಗುತ್ತಿರುತ್ತದೆ. ನಿಮ್ಮ ಕಣ್ಣೀರು ಸುಳ್ಳಲ್ಲ. ಆದರೂ ಮೊದಲಿನ ಕೊನೆಯೇ ಹೆಚ್ಚು ಸತ್ಯವಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. 2012ರಲ್ಲಿ ಆ ಕೊನೆಯನ್ನು ಸರಿಪಡಿಸಿ, ನಿರ್ದೇಶಕರ ಆವೃತ್ತಿಯೆಂದು ಹೊರತಂದಿದ್ದಾರೆ. ಅದನ್ನು ತರಿಸಿಕೊಂಡು ನೋಡಿರಿ. ಗಿಡದಿಂದ ಗಾಯಗೊಂಡ ಆಡ್ರಿ ಸೀಮೋರನ ತೋಳಿನಲ್ಲಿ ಸಾಯುವಾಗ, ತನ್ನನ್ನು ಗಿಡಕ್ಕೇ ಕೊಟ್ಟುಬಿಡೆಂದು ಕೇಳಿಕೊಂಡು ಆ ಹಳೆಯ ಹಾಡನ್ನೇ ಮತ್ತೆ ಹಾಡುತ್ತಾಳೆ. ಅಂದು ಅವಳು ಹಾಡಿದ ಹಸಿರು ಜಾಗ ಎಂದರೆ ಈಗ ಆ ಗಿಡದ ಹೊಟ್ಟೆ. ಮೊದಲ ಸಲ ಹಾಡು ಕೇಳಿದಾಗ ನಮಗೆ ತಿಳಿಯದಿದ್ದ ಅರ್ಥ ಆಗ ತಿಳಿಯುತ್ತದೆ. ಆ ಹಾಡನ್ನು ಬರೆದದ್ದೇ ಅದು ಹೀಗೆ ಮರಳಿ ಬರಲೆಂದು. ಸುಖಾಂತ್ಯ ಬಂದಾಗ ಆ ಮರುಹಾಡು ಕತ್ತರಿಗೆ ಸಿಕ್ಕಿತು.

ಆದ್ದರಿಂದ ನಿಮ್ಮ ಮಗನಿಗೆ ಹೀಗೆ ಹೇಳಿರಿ. 1960ರ ಚಿತ್ರ ದೂರ ನಿಂತು ತೋರಿಸುತ್ತದೆ, ಅದನ್ನು ಚೊಕ್ಕವಾಗಿ ಮಾಡುತ್ತದೆ, ಅದಕ್ಕೆ ಹಾಡು ಬೇಕಾಗಿಲ್ಲ. ನಾಟಕ ಹತ್ತಿರ ಕರೆದುಕೊಂಡು, ಹತ್ತಿರವಾದವರನ್ನು ಕಿತ್ತುಕೊಳ್ಳುತ್ತದೆ. ಬಿಡುಗಡೆಯಾದ 1986ರ ಚಿತ್ರ ಹತ್ತಿರ ಕರೆದುಕೊಂಡು, ಕಿತ್ತುಕೊಳ್ಳುವ ಹೊತ್ತಿಗೆ ಹಿಂದೆ ಸರಿಯಿತು. ಚಿತ್ರದಲ್ಲಿ ಕೆಟ್ಟದ್ದೇನಾದರೂ ಇದ್ದರೆ ಇದು, ಹಾಡುಗಳಲ್ಲ.

ಪ್ರಶ್ನೆ: ನಮ್ಮ ಭಯದ ಸಿನಿಮಾಗಳಲ್ಲಿ ಹಾಡು ಮೊದಲಿನಿಂದಲೂ ಇವೆ. 1979ರ ‘ನಾ ನಿನ್ನ ಬಿಡಲಾರೆ’ ಚಿತ್ರದ ಹಾಡುಗಳನ್ನು ನಮ್ಮ ಮನೆಯಲ್ಲಿ ಇಂದಿಗೂ ಹಾಡುತ್ತಾರೆ. ಹಾಗಿದ್ದಮೇಲೆ ಅಮೆರಿಕದವರು ಮ್ಯೂಸಿಕಲ್ ಎಂದು ಪ್ರತ್ಯೇಕವಾಗಿ ಕರೆಯುವುದರಲ್ಲಿ ವಿಶೇಷವೇನು? 1986ರ ಆ ಸಿನಿಮಾದಲ್ಲಿ ಗಿಡದ ಬಾಯಿ ಹಾಡಿಗೆ ಅಷ್ಟು ಸರಿಯಾಗಿ ಹೊಂದುವುದು ಹೇಗೆ?
ದುರ್ಗದಬೈಲಿನ ಹೂವಿನ ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಹೂವಿನ ಅಂಗಡಿಯವರಿಂದಲೇ ಈ ಪ್ರಶ್ನೆ ಬಂದದ್ದು ಸಂತೋಷ. ನಮ್ಮ ಹೆಚ್ಚಿನ ಸಿನಿಮಾಗಳಲ್ಲಿ ಹಾಡು ಬಂದಾಗ ಕಥೆ ನಿಂತು ವಿಶ್ರಮಿಸುತ್ತದೆ. ಹಾಡು ಎಷ್ಟೇ ಸೊಗಸಾಗಿದ್ದರೂ ಅದನ್ನು ತೆಗೆದರೆ ಮುಂದಿನ ಸಂಗತಿ ತಿಳಿಯದೆ ಹೋಗುವುದಿಲ್ಲ. ಮ್ಯೂಸಿಕಲ್‌ನಲ್ಲಿ ಕಥೆಯ ದೊಡ್ಡ ತಿರುವುಗಳು ಹಾಡಿನೊಳಗೇ ನಡೆಯುತ್ತವೆ. 1986ರ ಚಿತ್ರದ ನಡುಭಾಗದಲ್ಲಿ ಗಿಡ ಮತ್ತು ಸೀಮೋರ್ ಕೂಡಿ ಹಾಡುವ ದೃಶ್ಯ ನೋಡಿರಿ. ಹಾಡು ಆರಂಭವಾದಾಗ ಮನುಷ್ಯನನ್ನು ಕೊಲ್ಲುವ ಮಾತನ್ನು ಅವನು ಸಾಫ್ ನಿರಾಕರಿಸುತ್ತಾನೆ. ಗಿಡ ದುಡ್ಡಿನ, ಮೋಟಾರಿನ, ಹೆಸರಿನ ಆಸೆ ತೋರಿಸುತ್ತದೆ. ಅವನು ಹೊಯ್ದಾಡುತ್ತಿರುವಾಗಲೇ ಕಿಟಕಿಯಾಚೆ ಹಲ್ಲಿನ ವೈದ್ಯ ಆಡ್ರಿಯ ಮೇಲೆ ಕೈ ಮಾಡುವುದು ಕಾಣುತ್ತದೆ. ಹಾಡು ಮುಗಿಯುವಾಗ ಅವನು ಗಿಡದ ಜೊತೆಗೆ ಒಂದೇ ದನಿಯಲ್ಲಿ ಹಾಡುತ್ತಿರುತ್ತಾನೆ, ಅಂದರೆ ಕೊಲೆಗೆ ಒಪ್ಪಿಯಾಗಿರುತ್ತದೆ. ಆ ಹಾಡನ್ನು ತೆಗೆದರೆ ಮುಂದಿನ ಕಥೆ ಕುಸಿಯುತ್ತದೆ.

ಇದರಿಂದ ಪಾಪದ ತೂಕವೂ ಬದಲಾಗಿದೆ. 1960ರಲ್ಲಿ ವೈದ್ಯನ ಸಾವು ಹೊಡೆದಾಟದಲ್ಲಿ ಆದದ್ದು. 1986ರಲ್ಲಿ ಸೀಮೋರ್ ಪಿಸ್ತೂಲು ತೆಗೆದುಕೊಂಡು ಹೋಗುತ್ತಾನೆ, ಆದರೆ ಗುಂಡು ಹಾರಿಸಲು ಧೈರ್ಯವಾಗುವುದಿಲ್ಲ. ವೈದ್ಯ ಅಮಲೇರಿಸುವ ಗ್ಯಾಸಿನ ಮುಖವಾಡವನ್ನು ತಾನೇ ಹಾಕಿಕೊಳ್ಳುತ್ತಾನೆ, ಅದು ಸಿಕ್ಕಿಕೊಳ್ಳುತ್ತದೆ, ಉಸಿರುಗಟ್ಟಿ ಸಹಾಯ ಬೇಡುತ್ತಾನೆ. ಸೀಮೋರ್ ಸುಮ್ಮನೆ ನಿಂತು ನೋಡುತ್ತಾನೆ. ಕಲ್ಲು ತಾಗಿ ಆದ ಸಾವಿಗಿಂತ ಈ ಸುಮ್ಮನಿರುವಿಕೆ ನನ್ನನ್ನು ಹೆಚ್ಚು ಕಾಡಿದೆ.

ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದನ್ನು ಹುಡುಕುವುದಾದರೆ ಸಿನಿಮಾವನ್ನು ಬಿಟ್ಟು ಸಣ್ಣಾಟಕ್ಕೆ ಹೋಗಬೇಕು. ‘ಸಂಗ್ಯಾ ಬಾಳ್ಯಾ’ದಲ್ಲಿ ಸಂಗ್ಯಾ ಗಂಗಿಗೆ ಮನಸೋಲುವುದು, ಗೆಳೆಯ ಬಾಳ್ಯಾನ ದ್ರೋಹ, ಕೊನೆಯ ಕೊಲೆ ಎಲ್ಲವೂ ಹಾಡಿನ ಮೇಲೆಯೇ ಸಾಗುತ್ತವೆ. ಧಾರವಾಡ ಸೀಮೆಯ ಹಳ್ಳಿಗನಿಗೆ ಅಮೆರಿಕದ ಈ ರೂಪ ಹೊಸದಾಗಿ ಕಾಣಬೇಕಾಗಿಲ್ಲ.

ಗಿಡದ ಬಾಯಿ ಹಾಡಿಗೆ ಅಷ್ಟು ಸರಿಯಾಗಿ ಹೊಂದುವುದು ಹೇಗೆ ಎಂದೂ ಕೇಳಿದ್ದೀರಿ. ಅದರಲ್ಲಿ ಕಂಪ್ಯೂಟರಿನ ಕೈವಾಡವಿಲ್ಲ. ಅದು ಹತ್ತಾರು ಜನ ತಂತಿ, ಸನ್ನೆಕೋಲುಗಳಿಂದ ಆಡಿಸಿದ ಗೊಂಬೆ. ಅಷ್ಟು ದೊಡ್ಡ ತುಟಿಗಳು ಗಿಡಕ್ಕೆ ದನಿ ಕೊಟ್ಟ ಗಾಯಕ ಲೀವೈ ಸ್ಟಬ್ಸ್ ಅವರ ಹಾಡಿನ ವೇಗಕ್ಕೆ ಅಲುಗಲಾರವಾದ್ದರಿಂದ, ಕ್ಯಾಮೆರಾವನ್ನು ಸೆಕೆಂಡಿಗೆ 24 ಚಿತ್ರಗಳ ಬದಲು 12 ಅಥವಾ 16 ಚಿತ್ರಗಳ ವೇಗದಲ್ಲಿ ಓಡಿಸಿ, ಆಮೇಲೆ ಮಾಮೂಲಿ ವೇಗದಲ್ಲಿ ತೋರಿಸಿದರು. ಹೀಗಾಗಿ ಗಿಡದ ಜೊತೆಗೆ ಒಂದೇ ಚೌಕಟ್ಟಿನಲ್ಲಿರುವಾಗ ಸೀಮೋರನ ಪಾತ್ರದ ರಿಕ್ ಮೊರಾನಿಸ್ ನೀರಿನೊಳಗೆ ನಡೆದವರಂತೆ ನಿಧಾನವಾಗಿ ಅಭಿನಯಿಸಿ, ತುಟಿಯನ್ನೂ ನಿಧಾನವಾಗಿ ಆಡಿಸಬೇಕಾಗಿತ್ತು. ತೆರೆಯ ಮೇಲೆ ಆ ಶ್ರಮದ ಸುಳಿವೂ ಸಿಗುವುದಿಲ್ಲ.

ಪ್ರಶ್ನೆ: ಹತ್ತು ವರ್ಷದ ಮೊಮ್ಮಗಳಿಗೆ ಯಾವುದನ್ನು ತೋರಿಸಬಹುದು?
ಸಪ್ತಾಪುರ, ಧಾರವಾಡ

ಉತ್ತರ: ಸದ್ಯಕ್ಕೆ ಎರಡನ್ನೂ ಬೇಡ. ಗಿಡಕ್ಕೆ ಅವಳು ಹೆದರಲಿಕ್ಕಿಲ್ಲ. ಆದರೆ ಹೊಡೆಸಿಕೊಂಡ ಗುರುತುಗಳನ್ನು ಮುಚ್ಚಿಕೊಂಡು ಕೆಲಸಕ್ಕೆ ಬರುವ ಆಡ್ರಿಯನ್ನು ನೋಡಿ ಅವಳು ಕೇಳುವ ಪ್ರಶ್ನೆಗೆ ನೀವು ಉತ್ತರ ಸಿದ್ಧಮಾಡಿಕೊಂಡಿರಬೇಕು. ಮೂರು ನಾಲ್ಕು ವರ್ಷ ಬಿಟ್ಟು, ಜೊತೆಗೆ ಕೂತು ತೋರಿಸಿರಿ.

ಪ್ರಶ್ನೆ: ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಈ ಕಥೆಯನ್ನು ಕನ್ನಡದಲ್ಲಿ ಆಡಿಸುವ ಆಸೆ ವಿದ್ಯಾರ್ಥಿಗಳಿಗಿದೆ. ಯಾವ ಕೊನೆಯನ್ನು ಇಟ್ಟುಕೊಳ್ಳಬೇಕು? ಗಿಡವನ್ನು ಹೇಗೆ ಮಾಡುವುದು?
ಕನ್ನಡ ಅಧ್ಯಾಪಕರು, ಹಾವೇರಿ

ಉತ್ತರ: ಮೊದಲು ಹಕ್ಕಿನ ಮಾತು. 1982ರ ನಾಟಕದ ಮಾತು, ಹಾಡು, ಸಂಗೀತಗಳಿಗೆ ಹಕ್ಕುಸ್ವಾಮ್ಯವಿದೆ. ಅನುವಾದಿಸಿ ಆಡುವುದಕ್ಕೂ ಅನುಮತಿ ಬೇಕು. 1960ರ ಚಿತ್ರಕ್ಕೆ ಹಕ್ಕುಸ್ವಾಮ್ಯ ಕಾಯ್ದುಕೊಳ್ಳುವ ಕ್ರಮವನ್ನು ಆಗ ಕೈಗೊಳ್ಳದ್ದರಿಂದ ಅದು ಅಮೆರಿಕದಲ್ಲಿ ಸಾರ್ವಜನಿಕ ಸ್ವತ್ತಾಗಿದೆ. ಇಲ್ಲಿಯ ಸ್ಥಿತಿಯನ್ನು ಒಬ್ಬ ವಕೀಲರಲ್ಲಿ ಕೇಳಿಕೊಂಡು, ಆ ಕಥೆಯ ಎಳೆಯನ್ನಷ್ಟೇ ಹಿಡಿದು, ಹಾಡುಗಳನ್ನು ನಿಮ್ಮ ವಿದ್ಯಾರ್ಥಿಗಳಿಂದಲೇ ಬರೆಯಿಸುವುದು ಒಳ್ಳೆಯದು. ಲಾವಣಿಯ ಮಟ್ಟು, ಸಣ್ಣಾಟದ ಮಟ್ಟು ಬಲ್ಲ ಹಿರಿಯರು ನಿಮ್ಮ ಸುತ್ತಲಿನ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಹಿಮ್ಮೇಳಕ್ಕೆ ಮೂವರು ಹುಡುಗಿಯರು ಸಾಕು.

ಗಿಡಕ್ಕೆ ಹೆಚ್ಚು ಖರ್ಚು ಬೇಡ. ನ್ಯೂಯಾರ್ಕಿನ ಪ್ರಯೋಗದಲ್ಲಿ ಒಂದಕ್ಕಿಂತ ಒಂದು ದೊಡ್ಡದಾದ ನಾಲ್ಕು ಗೊಂಬೆಗಳಿದ್ದವು. ಅದರಲ್ಲಿ ಎರಡನೆಯದರ ಉಪಾಯ ಬಹಳ ಚೆನ್ನಾಗಿದೆ. ಸೀಮೋರ್ ಕುಂಡವನ್ನು ಎದೆಗೆ ಅವಚಿಕೊಂಡು ಹಾಡುತ್ತಿರುತ್ತಾನೆ, ಗಿಡ ಅತ್ತಿತ್ತ ತಿರುಗಿ ಬಾಯಿ ಹಾಕುತ್ತಿರುತ್ತದೆ. ಕುಂಡವನ್ನು ತಬ್ಬಿದ ಕೈ ಅವನದಲ್ಲ, ಅಂಗಿಯ ತೋಳಿಗೆ ಹೊಂದುವ ಬಟ್ಟೆಯಲ್ಲಿ ಹೊಲಿದ ಸುಳ್ಳು ಕೈ. ನಿಜವಾದ ಕೈ ಗಿಡದ ಒಳಗಿದ್ದು ಅದರ ಬಾಯನ್ನು ಆಡಿಸುತ್ತಿರುತ್ತದೆ. ಎಲ್ಲಕ್ಕಿಂತ ದೊಡ್ಡ ಗಿಡವನ್ನು ಬಿದಿರಿನ ಚೌಕಟ್ಟಿಗೆ ಗೋಣಿಚೀಲ ಹೊದಿಸಿ ಮಾಡಿರಿ. ಒಳಗೆ ಕೂತು ಆಡಿಸುವವನು ಬೇರೆ, ಬದಿಯಲ್ಲಿ ಮೈಕಿನ ಮುಂದೆ ನಿಂತು ದನಿ ಕೊಡುವವನು ಬೇರೆ ಇರಲಿ. ಇಬ್ಬರೂ ತಿಂಗಳುಗಟ್ಟಲೆ ಕೂಡಿ ತಾಲೀಮು ಮಾಡದಿದ್ದರೆ ಗಿಡ ಬರೀ ಗೋಣಿಚೀಲವಾಗಿಯೇ ಉಳಿಯುತ್ತದೆ. ಸೆಕೆಯಲ್ಲಿ ಒಳಗಿನವನಿಗೆ ಗಾಳಿಯಾಡುವಂತೆ ಹಿಂಬದಿಯನ್ನು ತೆರೆದಿಡಿರಿ.

ಕೊನೆಯ ವಿಷಯದಲ್ಲಿ ನನಗೆ ಸಂದೇಹವಿಲ್ಲ. ಇಬ್ಬರೂ ಸಾಯಲಿ. ಆ ಸಾವು ಸಿನಿಮಾದ ಜನರಿಗೆ ತಡೆಯಲಾಗದ್ದಾಯಿತೇ ಹೊರತು ರಂಗದ ಮೇಲೆ ಐದು ವರ್ಷ ನಡೆಯಿತು. ನಾಟಕದವರು 1960ರ ಚಿತ್ರದಿಂದ ಮೊಗ್ಗಿನ ಮುಖಗಳ ದೃಶ್ಯವನ್ನು ಬಿಡದೆ ಎತ್ತಿಕೊಂಡಿದ್ದಾರೆ, ಆದರೆ ಅಲ್ಲಿ ಸೀಮೋರನ ಮುಖ ಒಂದು ಮಾತು ಆಡಿ ಬಾಡಿದರೆ, ಇಲ್ಲಿ ಮುಖಗಳೆಲ್ಲ ಹಾಡುತ್ತವೆ. ಗಿಡ ನುಂಗಿದವರೆಲ್ಲ ಹೂಗಳೊಳಗಿಂದ ಮುಖ ತೋರಿಸಿ, ಗಿಡಗಳಿಗೆ ಉಣ್ಣಿಸಬೇಡಿರೆಂದು ಪ್ರೇಕ್ಷಕರನ್ನು ಎಚ್ಚರಿಸಿ ಹಾಡುವಾಗ, ಮೇಲಿನಿಂದ ಬಳ್ಳಿಗಳು ಪ್ರೇಕ್ಷಕರ ತಲೆಯ ಮೇಲೆ ಇಳಿಯುತ್ತವೆ. ನೀವು ಆ ಜಾಗದಲ್ಲಿ ಮಂಗಳದ ಪದವನ್ನು ಇಟ್ಟುಕೊಳ್ಳಿರಿ. ಹಲ್ಲಿನ ವೈದ್ಯ, ಅಂಗಡಿಯ ಯಜಮಾನ, ಆಡ್ರಿ, ಸೀಮೋರ್ ಎಲ್ಲರೂ ಎದ್ದು ಬಂದು ಸಾಲಾಗಿ ನಿಂತು ಹಾಡಲಿ. ಗೋಣಿಚೀಲದೊಳಗಿನ ಹುಡುಗನನ್ನೂ ಹೊರಗೆ ಕರೆದು, ಬೆವರು ಒರೆಸಿಕೊಳ್ಳಲು ಒಂದು ಟವೆಲ್ ಕೊಟ್ಟು, ಆಡ್ರಿಯ ಪಕ್ಕದಲ್ಲಿ ನಿಲ್ಲಿಸಿರಿ.